ಮೂವತ್ತೆರಡು ಗುಂಡಿ, ಎರಡು ತೆಂಗಿನಕಾಯಿ

ಸಿಟ್ಟು ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದಂದಿನಿಂದ ನಾನು ಜನರನ್ನು ಒಬ್ಬೊಬ್ಬರನ್ನಾಗಿ ಕ್ಷಮಿಸುತ್ತಾ ಬಂದಿದ್ದೇನೆ. ಬಡ್ತಿ ತಪ್ಪಿಸಿದ ಕಾರ್ಯದರ್ಶಿಯನ್ನು ಕ್ಷಮಿಸಿದೆ. ಕಾಂಪೌಂಡನ್ನು ನನ್ನ ಸೈಟಿನೊಳಕ್ಕೆ ತಳ್ಳಿದ ಪಕ್ಕದ ಮನೆಯವನನ್ನೂ, ಅಲ್ಲಿ ಅವನು ನೆಟ್ಟ ನುಗ್ಗೆಮರದ ಕಾಯಿ ತಿಂದ ಮೇಲೆ, ಕ್ಷಮಿಸಿದೆ. ಎರಡು ತೆಂಗಿನಕಾಯಿಗಳನ್ನು ಮಾತ್ರ ಇವತ್ತಿಗೂ ಕ್ಷಮಿಸಲಾಗಿಲ್ಲ. ಕಾಯಿಗಳನ್ನೂ, ಅವನ್ನು ಇಟ್ಟ ಕೈಯನ್ನೂ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯ ಮೇಲೆ ದ್ವೇಷ ಇಟ್ಟುಕೊಂಡು ಬದುಕುವುದು ಸುಲಭವಲ್ಲ. ಹೊಸದುರ್ಗದ ರಸ್ತೆ ಹಿಡಿದರೆ ಎರಡೂ ಕಡೆ ಅವೇ ನೇತಾಡುತ್ತಿರುತ್ತವೆ.

ನಾನು ಹೊಳಲ್ಕೆರೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಅಪ್ಪ ರೈಲ್ವೆಯಲ್ಲಿದ್ದುದರಿಂದ ನಾನು ಬೆಳೆದದ್ದು ಚಿಕ್ಕಜಾಜೂರಿನಲ್ಲಿ. ಅಲ್ಲಿನ ಕ್ವಾರ್ಟರ್ಸಿನ ಭಜನೆಯಲ್ಲಿ ಹಾರ್ಮೋನಿಯಂ ಕಲಿತೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಹೊಸದುರ್ಗದಲ್ಲಿ ಶಾಮಿಯಾನ, ಮೈಕು, ಸೀರಿಯಲ್ ಲೈಟು ಬಾಡಿಗೆಗೆ ಕೊಡುತ್ತಿದ್ದವರೊಬ್ಬರು, ಚಪ್ಪರ ನಮ್ಮದೇ, ಮೈಕೂ ನಮ್ಮದೇ, ಹಾಡು ಮಾತ್ರ ಬೇರೆಯವರದ್ದು ಏಕೆ ಎಂದು ಯೋಚಿಸಿ ಆರ್ಕೆಸ್ಟ್ರಾ ಕಟ್ಟಿದರು. ಹಾಡುವುದಕ್ಕೆ ಇಬ್ಬರು, ರಿದಂ ಪ್ಯಾಡಿಗೆ ಚಿತ್ರದುರ್ಗದವನೊಬ್ಬ, ಕೀಬೋರ್ಡಿಗೆ ನಾನು. ನಾವೆಲ್ಲ ಅವರನ್ನು ಯಜಮಾನ್ರು ಎನ್ನುತ್ತಿದ್ದೆವು. ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ನಾನು ಯಾರಿಗೂ ಏನೂ ಕಲಿಸಿದವನಲ್ಲ, ಆದರೆ ನಮ್ಮ ಕಡೆ ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಕೂತವನೆಲ್ಲ ಮೇಷ್ಟ್ರೇ.

ಕೀಬೋರ್ಡನ್ನು ಯಜಮಾನ್ರು ಬೆಂಗಳೂರಿನಿಂದ ಕಂಬಳಿಯಲ್ಲಿ ಸುತ್ತಿ, ಪಕ್ಕದ ಸೀಟಿಗೂ ಟಿಕೆಟ್ಟು ತೆಗೆದು, ಮಗುವನ್ನು ಕರೆತಂದಂತೆ ತಂದಿದ್ದರು. ಅದರೊಳಗೆ ಕಂಪನಿಯವರು ತುಂಬಿ ಕಳಿಸಿದ ದನಿಗಳು ಲೆಕ್ಕವಿಲ್ಲದಷ್ಟಿದ್ದವು. ಪಿಯಾನೊ ಒಂದೇ ಏಳೆಂಟು ಥರ. ಆಮೇಲೆ ನಮ್ಮ ತಾಲ್ಲೂಕಿನಲ್ಲಿ ಯಾರೂ ಕಣ್ಣಲ್ಲಿ ನೋಡದ ವಾದ್ಯಗಳ ಉದ್ದ ಸಾಲು. ತೀರಾ ಕೊನೆಗೆ ಸಮುದ್ರದ ಅಲೆ, ಟೆಲಿಫೋನ್ ಗಂಟೆ, ಹೆಲಿಕಾಪ್ಟರ್, ಚಪ್ಪಾಳೆ, ಗುಂಡು ಹಾರಿದ ಸದ್ದು. ನಮಗೆ ಬೇಕಾದ ಶಹನಾಯಿಯನ್ನು ಹೆಲಿಕಾಪ್ಟರಿನ ಹತ್ತಿರ ಯಾವ ಪುಣ್ಯಾತ್ಮ ಇಟ್ಟನೋ! ಒಂದು ದನಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗುಂಡಿ ಒತ್ತುತ್ತಾ ಒತ್ತುತ್ತಾ ಹೋಗಬೇಕು. ಬೆರಳು ಎತ್ತುವುದು ಚೂರು ತಡವಾದರೆ ಮುಂದಕ್ಕೆ ಹಾರಿಬಿಡುತ್ತದೆ.

ತಾಳ್ಯದ ಒಂದು ಮದುವೆಯಲ್ಲಿ ಹಾರಿತು. ವಾಲಗದವರ ಬಸ್ಸು ದಾರಿಯಲ್ಲಿ ಕೆಟ್ಟು, ಮುಹೂರ್ತ ಮೀರುತ್ತದೆಂದು ಹೆಣ್ಣಿನ ತಂದೆ ನನ್ನ ಹತ್ತಿರ ಓಡಿ ಬಂದು, ‘ನೀವೇ ವಾಲಗ ಬಾರಿಸ್ರಿ ಮೇಷ್ಟ್ರೇ, ಅದ್ರಾಗೆ ಎಲ್ಲಾ ಐತಂತಲ್ಲ’ ಎಂದರು. ಪುರೋಹಿತರು ‘ಗಟ್ಟಿಮೇಳ’ ಎಂದು ಕೈ ಎತ್ತಿದರು. ನನ್ನ ಬೆರಳು ಗುಂಡಿಯ ಮೇಲೆ ಚೂರು ಹೆಚ್ಚು ಹೊತ್ತು ನಿಂತಿತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಚಪ್ಪರದ ತುಂಬ ಹೆಲಿಕಾಪ್ಟರ್ ಸುತ್ತಿತು. ಅಕ್ಷತೆ ಹಿಡಿದ ಜನ ಹಾಕುವುದು ಬಿಟ್ಟು ಮೇಲೆ ನೋಡಿದರು. ‘ಯಾರೋ ಮಂತ್ರಿ ಬಂದ್ರೇನಪ್ಪ?’ ಎಂದು ಮುದುಕರೊಬ್ಬರು ನಿಜವಾಗಿಯೂ ಎದ್ದು ಹೊರಗೆ ಹೋಗಿ ನೋಡಿ ಬಂದರು.

ಅದಾದ ಮೇಲೆ ನನಗೆ ನಿದ್ದೆ ಬಾರದಾಯಿತು. ನಾನು ಮೊದಲೇ ಹೆದರುಪುಕ್ಕಲ. ಗ್ಯಾಸ್ ಆರಿಸಿದೆನಾ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಬಂದು ನೋಡುವ ಜಾತಿ. ಹೆಲಿಕಾಪ್ಟರ್ ಬದಲು ಆ ಗುಂಡಿನ ಸದ್ದು ಬಂದಿದ್ದರೆ, ಮದುವೆ ಮನೆಯಲ್ಲಿ ಕಾಲ್ತುಳಿತವಾಗಿದ್ದರೆ, ಪೊಲೀಸರು ಯಾರನ್ನು ಹಿಡಿಯುತ್ತಿದ್ದರು? ಹೀಗೆ ಕೊರಗುತ್ತಲೇ ಕೀಬೋರ್ಡಿನ ಪುಸ್ತಕ ಓದಿದೆ. ಅದರಲ್ಲಿ ಕಂಪನಿಯ ದನಿಗಳಲ್ಲದೆ ನಮ್ಮದೇ ದನಿ ಮಾಡಿ ಇಟ್ಟುಕೊಳ್ಳಲು ಮೂವತ್ತೆರಡು ಖಾಲಿ ಗೂಡುಗಳಿದ್ದವು. ಒಂದೊಂದು ಗೂಡಿಗೂ ಮೇಲೊಂದು ಸಣ್ಣ ಗುಂಡಿ. ಒತ್ತಿದರೆ ನೇರ ಅದೇ ದನಿ. ನಡುವೆ ಸಮುದ್ರವಿಲ್ಲ, ಹೆಲಿಕಾಪ್ಟರಿಲ್ಲ.

ಮುಂದಿನ ನಾಲ್ಕೈದು ವರ್ಷ ನಾನು ಆ ಗೂಡುಗಳನ್ನು ತುಂಬಿಸಿದೆ. ಭಾನುವಾರ ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋಗಿ, ಯಜಮಾನ್ರ ಅಂಗಡಿಯಲ್ಲಿ ಮಡಚಿಟ್ಟ ಶಾಮಿಯಾನಗಳ ನಡುವೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತುಂಬಿಸಿದೆ. ಕಂಪನಿಯ ಶಹನಾಯಿ ಸೋಪು ಹಚ್ಚಿ ತೊಳೆದು ಇಸ್ತ್ರಿ ಮಾಡಿದಂತಿತ್ತು. ಅವತ್ತು ತಾಳ್ಯ ಮುಟ್ಟಲಾಗದಿದ್ದ ವಾಲಗದವರು ಇನ್ನೊಂದು ಮದುವೆಗೆ ಬಂದಾಗ ಊಟದ ಪಂಕ್ತಿ ಬಿಟ್ಟು ಅವರೆದುರು ಕೂತು ಕೇಳಿದೆ. ಊದುವವನ ಉಸಿರು ಮೊದಲು ಪೀಪಿಯಲ್ಲಿ ಸಿಕ್ಕಿ, ಆಮೇಲೆ ಬಿಡಿಸಿಕೊಂಡು ಹೊರಡುತ್ತದೆ. ಇಬ್ಬರು ಊದುವಾಗ ಇಬ್ಬರ ಶ್ರುತಿ ಒಂದೇ ಆಗಿರುವುದಿಲ್ಲ. ಆ ಕೂದಲೆಳೆಯಷ್ಟು ಜಗಳದಲ್ಲೇ ಮದುವೆಯ ಕಳೆ ಇರುವುದು. ಎರಡು ದನಿಗಳನ್ನು ಒಂದರ ಮೇಲೊಂದು ಹಾಕಿ, ಒಂದನ್ನು ಚೂರು ಶ್ರುತಿ ತಪ್ಪಿಸಿ, ಇನ್ನೊಂದು ಚೂರು ತಡವಾಗಿ ಹೊರಡುವಂತೆ ಮಾಡಿ, ತಿಂಗಳುಗಟ್ಟಲೆ ತಿದ್ದಿ, ಮೊದಲ ಗೂಡಿನಲ್ಲಿಟ್ಟೆ. ಹೆಸರು ಬರೆಯಲು ಪರದೆಯ ಮೇಲೆ ಜಾಗ ಕಡಿಮೆ. ‘ತಾಳ್ಯ’ ಎಂದು ಬರೆದೆ.

ಉಳಿದವಕ್ಕೂ ಊರುಗಳದೇ ಹೆಸರು. ಮಾಡದಕೆರೆಯ ಹತ್ತಿರ ಕುರಿ ಸಾಕುವ ಮನೆತನದವರ ಮದುವೆಗೆ ಹೋದಾಗ ಹಿರಿಯರೊಬ್ಬರು ಸ್ಟೇಜಿಗೇ ಬಂದು ‘ಡೊಳ್ಳಿನ ಸದ್ದು ಬರಲಿಲ್ಲ ಅಂದ್ರೆ ನಮಗೆ ಮದುವಿ ಆದಂಗೆ ಅನ್ಸಲ್ಲ ನೋಡ್ರಿ’ ಎಂದಿದ್ದರು. ಮುಂದಿನ ಸಲದ ಹೊತ್ತಿಗೆ ಎಡಗೈಯ ಕೆಳಗಿನ ಮನೆಗಳಲ್ಲಿ, ಎಂದರೆ ಬೆರಳಿಟ್ಟು ಒತ್ತುವ ಕಪ್ಪು ಬಿಳಿ ಪಟ್ಟಿಗಳಲ್ಲಿ, ಡೊಳ್ಳು ಗುಡುಗುವಂತೆ ಒಂದು ದನಿ ಮಾಡಿ ‘ಮಾಡದಕೆರೆ’ ಎಂದು ಇಟ್ಟೆ. ಹಿರಿಯೂರಿನ ಕಡೆ ತೆಲುಗು ಹಾಡು ಕೇಳುತ್ತಿದ್ದರು. ಆ ಹಾಡುಗಳ ಪಿಟೀಲು ಗುಂಪಿಗೆ ‘ಹಿರಿಯೂರು’. ನಮ್ಮ ಕ್ವಾರ್ಟರ್ಸಿನ ಹಾರ್ಮೋನಿಯಂ ‘ಜಾಜೂರು’. ಅದರ ತಿದಿಯ ಉಬ್ಬಸವನ್ನೂ ಬಿಡದೆ ತಂದಿದ್ದೆ.

ದನಿ ಮಾಡುವುದಕ್ಕಿಂತ ಅವನ್ನು ಜೋಡಿಸುವುದೇ ಹೆಚ್ಚು ಕೆಲಸ. ವಾದ್ಯದ ಜಾತಿ ನೋಡಿ ಜೋಡಿಸಿದರೆ ಉಪಯೋಗವಿಲ್ಲ. ಮದುವೆ ನಡೆಯುವ ಕ್ರಮದಲ್ಲೇ ಜೋಡಿಸಿದೆ: ಮೊದಲ ಸಾಲು ಧಾರೆಗೆ, ಎರಡನೆಯದು ಆರತಕ್ಷತೆಗೆ, ಮೂರನೆಯದು ಹುಡುಗರು ಕುಣಿಯುವುದಕ್ಕೆ, ನಾಲ್ಕನೆಯದು ಭಜನೆಗೆ ಮತ್ತು ಗಣಪತಿ ಕೂರಿಸುವವರಿಗೆ. ಸೀರಿಯಲ್ ಲೈಟಿನ ಕೆಂಪು, ಹಸಿರಿನಲ್ಲಿ ಗುಂಡಿಯ ಮೇಲಿನ ಅಕ್ಷರ ಕಾಣುವುದಿಲ್ಲವೆಂದು ಹೆಂಡತಿಯ ಬಿಂದಿ ಪ್ಯಾಕೆಟ್ಟಿನಿಂದ ಬಿಂದಿ ತೆಗೆದು ಅಂಟಿಸಿದೆ. ಕೆಂಪು ಲೈಟು ಬಿದ್ದಾಗ ಕೆಂಪು ಬಿಂದಿಯೂ ಮಾಯವಾಗುವುದು ನೋಡಿ, ಬಣ್ಣ ಬಿಟ್ಟು ಗಾತ್ರಕ್ಕೆ ಬಂದೆ: ಸಾಲಿನ ಮೊದಲ ಗುಂಡಿಗೆ ಮುತ್ತೈದೆಯರ ದೊಡ್ಡ ಬಿಂದಿ, ಮುಂದೆ ಹೋದಂತೆ ಸಣ್ಣದು. ಕಣ್ಣು ಮುಚ್ಚಿ ಬೆರಳಾಡಿಸಿದರೂ ತಿಳಿಯಬೇಕು.

‘ಏನ್ ಮೇಷ್ಟ್ರೇ, ಮನೆಯವರ ಹಣೆ ಖಾಲಿ ಮಾಡಿ ಇದಕ್ಕೆ ಸಿಂಗಾರ ಮಾಡೀರಿ’ ಎಂದು ಪ್ಯಾಡಿನವನು ನಗುತ್ತಿದ್ದ. ‘ಕಟ್ಕಂಡಿದ್ದು ಯಾರನ್ನ ಅಂತ ಒಂದ್ಸಲ ಯೋಚ್ನೆ ಮಾಡ್ರಿ.’

ನನ್ನ ಇನ್ನೊಂದು ಭಯ ಅವನಿಗೆ ಬಾಯಿಪಾಠವಾಗಿತ್ತು. ಪುಸ್ತಕದ ಕೊನೆಯಲ್ಲಿ ಒಂದು ಎಚ್ಚರಿಕೆ ಇತ್ತು. ಕೀಬೋರ್ಡಿನ ತೀರಾ ಎಡತುದಿಯ ಬಿಳಿ ಮನೆ, ತೀರಾ ಬಲತುದಿಯ ಬಿಳಿ ಮನೆ, ಎರಡನ್ನೂ ಒತ್ತಿಹಿಡಿದು ಸ್ವಿಚ್ಚು ಹಾಕಿದರೆ ನಾವು ಮಾಡಿಟ್ಟದ್ದೆಲ್ಲ ಅಳಿಸಿಹೋಗಿ ಯಂತ್ರ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗಾಗುತ್ತದೆ. ಅದನ್ನು ಓದಿದಂದಿನಿಂದ ಪ್ರತಿ ಕಾರ್ಯಕ್ರಮದ ಮುಂಚೆ ಹತ್ತಿರ ಬಂದವರಿಗೆಲ್ಲ ಹೇಳುತ್ತಿದ್ದೆ. ಪ್ಯಾಡಿನವನು ನನ್ನ ದನಿಯಲ್ಲೇ ಅಣಕಿಸುತ್ತಿದ್ದ: ‘ಆ ತುದಿ ಮನೆ, ಈ ತುದಿ ಮನೆ, ಎಲ್ಡೂ ಒತ್ತಿ ಸ್ವಿಚ್ ಹಾಕಬ್ಯಾಡ್ರಪ್ಪೋ! ಲೋಕ ಮುಳುಗ್ತೈತೆ!’ ಯಜಮಾನ್ರು ಎಲೆಯಡಿಕೆ ಮೆಲ್ಲುತ್ತಾ, ‘ಯಾವ ಹುಚ್ಚ ಒತ್ತುತಾನ್ರೀ ಮೇಷ್ಟ್ರೇ? ಎಲ್ಡು ಕೈ ಅಗಲಿಸ್ಕಂಡು, ಸ್ವಿಚ್ ಏನು ಮೂಗಲ್ಲಿ ಹಾಕ್ತಾನಾ?’ ಎನ್ನುತ್ತಿದ್ದರು. ಅದೂ ನಿಜವೇ. ಒಬ್ಬನಿಂದ ಆಗುವ ಕೆಲಸವೆಂದು ಆಗ ಅನ್ನಿಸಿರಲಿಲ್ಲ. ಆದರೂ ನಾನು ಹೇಳುವುದು ಬಿಡಲಿಲ್ಲ.

ಹೀಗೆ ಎಲ್ಲ ಅಚ್ಚುಕಟ್ಟಾಯಿತು. ಎಷ್ಟು ಅಚ್ಚುಕಟ್ಟಾಯಿತೆಂದರೆ ನನ್ನ ಅಗತ್ಯವೇ ಇಲ್ಲದಷ್ಟು.

ಒಂದು ದಿನ ಸಂಜೆ ಅಂಗಡಿಗೆ ಹೋದಾಗ ನನ್ನ ಸ್ಟೂಲಿನ ಮೇಲೆ ಯಜಮಾನ್ರ ಅಕ್ಕನ ಮಗ ಕೂತಿದ್ದ. ಇಪ್ಪತ್ತೈದರ ಹುಡುಗ, ಯಜಮಾನ್ರ ಮಗಳನ್ನು ಕೊಡುವುದೆಂದು ಮಾತಾಗಿತ್ತು. ದೊಡ್ಡ ಬಿಂದಿ ಒತ್ತಿ ನನ್ನ ತಾಳ್ಯದ ದನಿಯಲ್ಲಿ ಯಾವುದೋ ಸಿನಿಮಾ ಹಾಡು ಬಾರಿಸುತ್ತಿದ್ದ. ಕೆಟ್ಟದಾಗೇನೂ ಅಲ್ಲ. ಅದೇ ನನಗೆ ಉರಿದದ್ದು.

‘ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ’ ಎಂದರು ಯಜಮಾನ್ರು. ‘ನೋಡ್ರಿ, ನಮ್ಮಳಿಯ ಎಷ್ಟು ಬೇಗ ಹಿಡಕಂಡ! ನಾಲ್ಕು ದಿನ ಆಗಿಲ್ಲ.’

‘ಚೆನ್ನಾಗಿ ಬಾರಿಸ್ತಾನೆ’ ಎಂದೆ.

‘ಅದೇ ಅಂದ್ಕಂಡೆ. ಇನ್ನು ನೀವು ಪಾಪ ಆಫೀಸು ಬಿಟ್ಟು ಬಸ್ಸು ಹಿಡಿದು ಒದ್ದಾಡೋದು ಯಾಕೆ? ಅವ್ನೇ ನೋಡ್ಕಂತಾನೆ. ನೀವು ಎಲ್ಲಾ ಎಷ್ಟು ಚಂದ ಜೋಡ್ಸಿಟ್ಟೀರಿ ಅಂದ್ರೆ, ಬಿಂದಿ ನೋಡು ಒತ್ತು, ಬಿಂದಿ ನೋಡು ಒತ್ತು, ಅಷ್ಟೇ. ನಮ್ಮ ಹುಡುಗೀರೂ ಬಾರಿಸ್ಬೋದು.’

ಇದನ್ನು ಅವರು ಹೊಗಳಿಕೆಯಾಗಿ ಹೇಳಿದರು. ಅದೇ ನನಗೆ ಇವತ್ತಿಗೂ ನುಂಗಲಾಗದ್ದು. ಅವರ ಮುಖದಲ್ಲಿ ಮೋಸವಿರಲಿಲ್ಲ. ಬಯ್ದು ಕಳಿಸಿದ್ದರೆ ನಾನೂ ಬಯ್ದು ಬರುತ್ತಿದ್ದೆ. ಹೊಗಳಿ ಕಳಿಸಿದವನಿಗೆ ಏನು ಹೇಳುವುದು?

ಬಾಗಿಲ ತನಕ ಹೋದವನು ತಿರುಗಿ ಬಂದೆ. ‘ಯಜಮಾನ್ರೇ, ಹಂಗಾದ್ರೆ ಒಂದೇ ಒಂದು ಭಾನುವಾರ ಕೀಬೋರ್ಡ್ ನನಗೆ ಬಿಡಿ. ನಾನು ಮಾಡಿದ ದನಿಗಳ ಅಳತೆಗಳನ್ನ ಬರಕೊಂಡು ಹೋಗ್ತೀನಿ. ಯಾವಾಗಲಾದರೂ ನಂದೇ ಒಂದು ತಗೊಂಡರೆ ಹಾಕ್ಕೋಬಹುದು.’

ಅವರ ಬಾಯಲ್ಲಿ ಎಲೆಯಡಿಕೆ ನಿಂತಿತು. ‘ನೀವು ಬ್ಯಾರೆ ತಂಡ ಕಟ್ತೀರೇನು?’

‘ಇಲ್ಲ. ನನ್ನ ದನಿಗಳು, ನನ್ನ ಹತ್ತಿರ ಇರಲಿ ಅಂತ.’

‘ನಿಮ್ಮವು ಹೆಂಗಾಗ್ತವೆ ಮೇಷ್ಟ್ರೇ? ಕೀಬೋರ್ಡ್ ನಂದು, ಕರೆಂಟು ನಂದು. ನೀವು ನಮ್ಮ ಹೊಲ್ದಾಗೆ ಬಾವಿ ತೋಡಿದ್ರೆ ನೀರು ಹೊತ್ಕಂಡು ಹೋಗ್ತೀರೇನು?’

ಅಳಿಯ ನಕ್ಕ. ನಾನು ಸುಮ್ಮನೆ ಬಸ್‌ಸ್ಟ್ಯಾಂಡಿಗೆ ನಡೆದೆ. ನೀರಿಗೂ ದನಿಗೂ ಏನು ವ್ಯತ್ಯಾಸವೆಂದು ತಕ್ಕ ಉತ್ತರ ಹೊಳೆದದ್ದು ಬಸ್ಸು ಹೊಳಲ್ಕೆರೆ ಮುಟ್ಟಿದ ಮೇಲೆ. ನನ್ನ ಉತ್ತರಗಳೆಲ್ಲ ಒಂದು ಬಸ್ಸು ತಡವಾಗಿಯೇ ಬರುವುದು.

ಮೊದಲೇ ಒಪ್ಪಿಕೊಂಡಿದ್ದರಿಂದ ಚಿತ್ರದುರ್ಗದ ಒಂದು ಕಲ್ಯಾಣ ಮಂಟಪದಲ್ಲಿ ಕೊನೆಯ ಕಾರ್ಯಕ್ರಮ ನಾನೇ ಬಾರಿಸಬೇಕಿತ್ತು. ಮಧ್ಯಾಹ್ನ ವೈರು ಜೋಡಿಸಿ ಎಲ್ಲರೂ ಊಟಕ್ಕೆ ಹೋದರು. ಸ್ಟೇಜಿನ ಮೇಲೆ ನಾನೊಬ್ಬನೇ. ಎಡತುದಿಯ ಮನೆಯ ಮೇಲೆ ಎಡಗೈ ಇಟ್ಟೆ. ಬಲತುದಿಯ ಮೇಲೆ ಬಲಗೈ ಇಟ್ಟೆ. ಸ್ವಿಚ್ಚಿಗೆ ಮೂಗು ಬೇಕಾಗಿರಲಿಲ್ಲ. ಕಾಲ ಬಳಿ ಎಕ್ಸ್‌ಟೆನ್ಷನ್ ಬಾಕ್ಸು ಇತ್ತು, ಕಾಲಿನ ಹೆಬ್ಬೆರಳಿನಲ್ಲಿ ಒತ್ತಿದರೆ ಸಾಕು. ಹೊಲವೂ ಇಲ್ಲ, ಬಾವಿಯೂ ಇಲ್ಲ, ತಗೊಳ್ಳಿ ನಿಮ್ಮ ಪೆಟ್ಟಿಗೆ!

ಒತ್ತಲಿಲ್ಲ. ದೊಡ್ಡತನದಿಂದಲ್ಲ. ಸಂಜೆ ಏನು ಬಾರಿಸುವುದು ಎಂಬ ಚಿಂತೆ ಬಂತು. ಹೆಣ್ಣಿನ ಕಡೆಯವರು ಬಯ್ಯುತ್ತಾರೆ ಎಂದು ಬಂತು. ಅಳಿಸುವ ಭರದಲ್ಲಿ ಯಂತ್ರವೇ ಸುಟ್ಟುಹೋದರೆ ಎಂದು ಬಂತು. ಅಷ್ಟರಲ್ಲಿ ಪ್ಯಾಡಿನವನು ಹೋಳಿಗೆ ಹಿಡಿದು ಬಂದು, ‘ಏನ್ ಮೇಷ್ಟ್ರೇ, ಅದನ್ನ ಅಪ್ಕಂಡು ಕುಂತೀರಿ? ಬರ್ರಿ ಊಟಕ್ಕೆ ಹೋಗಾಣ’ ಎಂದ. ಕೈ ತೆಗೆದೆ. ಸಂಜೆ ಮೂವತ್ತೆರಡನ್ನೂ ಬಾರಿಸಿ, ಕಂಬಳಿ ಹೊದಿಸಿ, ಅಳಿಯನ ಕೈಗೆ ಕೊಟ್ಟು, ಅಭ್ಯಾಸಬಲದಿಂದ ಇನ್ನೊಮ್ಮೆ ಹೇಳಿದೆ: ‘ನೋಡಪ್ಪ, ಈ ತುದಿ ಮನೆ, ಆ ತುದಿ ಮನೆ ಎರಡೂ ಒತ್ತಿಕೊಂಡು ಸ್ವಿಚ್ ಹಾಕಬೇಡ.’ ಅಳಿಯ ಹೂಂ ಎಂದು ಮೊಬೈಲು ನೋಡಿದ.

ಅದಾಗಿ ಕೆಲವು ತಿಂಗಳಿಗೆ ಆಯುಧಪೂಜೆ ಬಂತು. ಹಬ್ಬದ ಮಾರನೆಯ ಬೆಳಿಗ್ಗೆ ನಾನು ತಿಂಡಿಗೆ ಕೂತಿದ್ದೆ. ಬಾಗಿಲ ಮುಂದೆ ಯಜಮಾನ್ರ ಶಾಮಿಯಾನದ ಗಾಡಿ, ಹಬ್ಬದ ಬಾಳೆಕಂದು ಕಟ್ಟಿಕೊಂಡೇ ಬಂದು ನಿಂತಿತು. ಯಜಮಾನ್ರು, ಅಳಿಯ, ಇಬ್ಬರೂ ಇಳಿದರು. ಅಳಿಯನ ಕೈಯಲ್ಲಿ ಕಂಬಳಿಯ ಗಂಟು.

‘ಏನ್ ಮಾಡಿಟ್ಟು ಬಂದೀರಿ ಮೇಷ್ಟ್ರೇ?’ ಯಜಮಾನ್ರು ಒಳಗೆ ಬಂದು ಕೂರಲೂ ಇಲ್ಲ. ‘ಹೋಗೋವಾಗ ಏನ್ ಕೈಚಳಕ ಮಾಡಿದ್ರಿ, ಸೀದಾ ಹೇಳ್ಬಿಡ್ರಿ.’

‘ಏನಾಯ್ತು?’

‘ಏನಾಯ್ತಾ? ಯಾವ ಬಿಂದಿ ಒತ್ತಿದ್ರೂ ಪಿಯಾನೊ! ಅದನ್ನ ಒತ್ತಿದ್ರೂ ಟಿಣ್ಣು, ಇದನ್ನ ಒತ್ತಿದ್ರೂ ಟಿಣ್ಣು! ನಿನ್ನೆ ಅಷ್ಟು ಜನದ ಮುಂದೆ ಮಂಗಳಾರತಿ ಟೈಮಿಗೆ ವಾಲಗ ಒತ್ತಿದ್ರೆ ಟಿಣ್ಣು ಅಂತು.’

ಅಳಿಯ ಮೆಲ್ಲಗೆ ಸೇರಿಸಿದ: ‘ಟೈಮ್ ಸೆಟ್ ಮಾಡಿ ಇಟ್ಟಿದ್ರಾ ಸಾರ್? ಇಂಥಾ ದಿನ ಅಳಿಸ್ಲಿ ಅಂತ?’

ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ತಟ್ಟೆಗೆ ಬಿತ್ತು. ಮೂವತ್ತೆರಡೂ! ತಾಳ್ಯ ಹೋಯಿತು, ಜಾಜೂರು ಹೋಯಿತು. ಸತ್ತ ಸುದ್ದಿ ತಂದವರು ಕೊಂದವನು ನೀನೇ ಎನ್ನುತ್ತಿದ್ದರು. ತಟ್ಟೆ ಪಕ್ಕಕ್ಕೆ ಸರಿಸಿದೆ. ಆಮೇಲೆ ಕೇಳಿದೆ. ‘ಪೂಜೆ ಹೆಂಗೆ ಮಾಡಿದ್ರಿ?’

‘ಹೆಂಗ್ ಮಾಡ್ತಾರೆ? ಶಾಸ್ತ್ರವಾಗಿ ಮಾಡಿದ್ವಿ. ಮೈಕು, ಜನರೇಟರು, ಗಾಡಿ, ಎಲ್ಲಾ ತೊಳೆದು ಕುಂಕುಮ ಹಚ್ಚಿದ್ವಿ. ಕೀಬೋರ್ಡಿಗೆ ನೀರು ತಾಗಿಸ್ಲಿಲ್ಲ, ಅಷ್ಟು ತಿಳಿಯಲ್ವಾ ನಮಗೆ? ಬಟ್ಟೆ ಹಾಸಿ ನಡುವೆ ಇಟ್ಟು, ಹೂವಿನ ಹಾರ ಹಾಕಿ, ಈ ಕಡೆ ತುದಿಗೊಂದು ಕಾಯಿ, ಆ ಕಡೆ ತುದಿಗೊಂದು ಕಾಯಿ ಇಟ್ವಿ. ನಮ್ಮ ತೋಟದವೇ, ಒಂದೊಂದು ಇಷ್ಟು ದಪ್ಪ! ಕಳಸದಂಗೆ ಕಾಣ್ತಿತ್ತು ನೋಡ್ರಿ.’

‘ಕಾಯಿ ಮನೆಗಳ ಮೇಲೆ ಇಟ್ರಾ?’

‘ಮತ್ತೆ? ಗಾಳ್ಯಾಗೆ ಇಡಾಕಾಗ್ತೈತಾ?’

‘ಕಾಯಿ ಇಟ್ಟಿದ್ದಂಗೇ ಸ್ವಿಚ್ ಹಾಕಿದ್ರಾ?’

‘ಆಯುಧಪೂಜೆ ಅಂದ್ಮ್ಯಾಲೆ ಮಂಗಳಾರತಿಗೆ ಎಲ್ಲಾ ಚಾಲೂ ಆಗ್ಬೇಕಲ್ರೀ! ಗಾಡಿ ಸ್ಟಾರ್ಟ್ ಮಾಡಿದ್ವಿ, ಜನರೇಟರ್ ಎಳೆದ್ವಿ, ಇದ್ರ ಸ್ವಿಚ್ ಹಾಕಿದ್ವಿ. ಆಮ್ಯಾಲೆ ಕಾಯಿ ತೆಗೆದು ಅಳಿಯ ವಾಲಗ ಒತ್ತಿದ.’

ನಾನು ಎದ್ದು ನಿಂತೆ. ಜೀವನದಲ್ಲಿ ಹಾಗೆ ಕೂಗಿದವನಲ್ಲ. ಪಕ್ಕದ ಮನೆಯವರು ನುಗ್ಗೆಮರದ ಹತ್ತಿರ ಬಂದು ನಿಂತರು. ‘ಎಷ್ಟು ವರ್ಷ ಹೇಳಿದೆ? ಎಷ್ಟು ಸಲ ಹೇಳಿದೆ? ಈ ತುದಿ ಮನೆ, ಆ ತುದಿ ಮನೆ, ಎರಡೂ ಒತ್ತಿಕೊಂಡು ಸ್ವಿಚ್ ಹಾಕಬೇಡಿ ಅಂತ ಬಾಯಿ ಬಡಕೊಳ್ಳಲಿಲ್ವಾ? ನಕ್ಕಿದ್ರಿ ಎಲ್ಲಾ ಸೇರಿ!’

ಯಜಮಾನ್ರು ನಿಜಕ್ಕೂ ನೊಂದವರಂತೆ ನನ್ನ ಮುಖ ನೋಡಿದರು. ‘ನೀವು ಕೈಯಲ್ಲಿ ಒತ್ತಬ್ಯಾಡ್ರಿ ಅಂದಿದ್ರಿ ಮೇಷ್ಟ್ರೇ. ಕಾಯಿ ವಿಷ್ಯ ಹೇಳಿರ್ಲಿಲ್ಲ.’

ಅಡುಗೆಮನೆಯ ಬಾಗಿಲಲ್ಲಿದ್ದ ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ನನಗೆ ನೋಡುವ ವ್ಯವಧಾನವಿರಲಿಲ್ಲ.

‘ಪೂಜೆ ಮಾಡಿದ್ರೆ ಹಾಳಾಗ್ತವೆ ಅಂತೀರಲ್ಲ, ದೇವ್ರಿಗೆ ಬಯ್ದಂಗೆ ಆಗಲ್ವಾ?’ ಎಂದ ಅಳಿಯ.

‘ಲೇ, ನೀನು ಸುಮ್ನಿರು’ ಎಂದು ಯಜಮಾನ್ರು ಅವನನ್ನು ಗದರಿ, ದನಿ ಇಳಿಸಿದರು. ‘ಆಗಿದ್ದು ಆಗೋತು. ಕಾರ್ತಿಕದಾಗೆ ಸಾಲು ಮದುವಿ ಒಪ್ಕಂಡೀನಿ. ಒಂದಿನ ಕುಂತ್ಕಂಡು ಎಲ್ಲಾ ಮತ್ತೆ ಹಾಕ್ಕೊಟ್ಬಿಡ್ರಿ. ನಿಮಗೆ ಏನು, ತಲಿಯಾಗೆ ಐತಲ್ಲ.’

‘ಹಾಕ್ತೀನಿ’ ಎಂದೆ. ‘ಆದರೆ ಬಾರಿಸೋನು ನಾನು.’

ಯಜಮಾನ್ರು ಅಳಿಯನನ್ನು ನೋಡಿದರು. ಅಳಿಯ ಕಂಬಳಿ ಗಂಟನ್ನು ನೋಡಿದ. ‘ಅದು ಹೆಂಗಾಗ್ತೈತೆ? ಹುಡುಗನಿಗೆ ಮಾತು ಕೊಟ್ಟೀನಿ. ನಾಳೆ ಅವನಿಗೆ ಮಗಳನ್ನ ಕೊಡೋನು ನಾನು.’

‘ಹಂಗಾದ್ರೆ ಮಗಳ ಜೊತೆ ಪಿಯಾನೊನೂ ಕೊಡ್ರಿ’ ಎಂದೆ. ಒಂದು ಬಸ್ಸು ತಡವಾಗದೆ ಬಂದ ನನ್ನ ಒಂದೇ ಉತ್ತರ ಅದು. ಯಜಮಾನ್ರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಕೋಪಕ್ಕೆ ಹೊಸ್ತಿಲು ಎಡವಿದ ಅಳಿಯ ಕೀಬೋರ್ಡನ್ನು ಬೀಳಿಸುತ್ತಾನೇನೋ ಎಂದು ಅಷ್ಟು ಸಿಟ್ಟಿನಲ್ಲೂ ನಾನೇ ಕೈ ಚಾಚಿ ಹಿಡಿದೆ.

ಅವರು ಹೋದ ಮೇಲೆ ನನ್ನ ಸಿಟ್ಟು ಇನ್ನೂ ಏರಿತು. ಅವತ್ತು ಮಂಟಪದಲ್ಲಿ ನನ್ನ ಕಾಲಿನ ಹೆಬ್ಬೆರಳು ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲಿತ್ತಲ್ಲ! ನಾನು ಮಾಡಲಾಗದೆ ಹೇಡಿಯಂತೆ ಎದ್ದು ಹೋಳಿಗೆ ತಿನ್ನಲು ಹೋದ ಕೆಲಸವನ್ನು ಎರಡು ತೆಂಗಿನಕಾಯಿಗಳು ಭಕ್ತಿಯಿಂದ ಮಾಡಿ ಮುಗಿಸಿದ್ದವು. ಅಷ್ಟಾದರೂ ಹೆಸರು ಬಂದದ್ದು ನನಗೇ. ಚಿತ್ರದುರ್ಗದಿಂದ ಹಿರಿಯೂರಿನ ತನಕ ಮೈಕಿನವರು, ಹಾಡುವವರು, ಎಲ್ಲರ ಬಾಯಲ್ಲೂ ಒಂದೇ: ಹೊಳಲ್ಕೆರೆ ಮೇಷ್ಟ್ರು ಹೋಗುವಾಗ ಎಲ್ಲಾ ಅಳಿಸಿಟ್ಟು ಹೋದರು. ಪ್ಯಾಡಿನವನು ಸಿಕ್ಕಿದಾಗ ಬೆನ್ನು ತಟ್ಟಿದ. ‘ಭಲೇ ಮೇಷ್ಟ್ರೇ, ನಿಮ್ಮ ಕೈಲಿ ಆಗಲ್ಲ ಅಂದ್ಕಂಡಿದ್ದೆ!’ ನಾನಲ್ಲ ಎಂದೆ. ಅವನು ಕಣ್ಣು ಹೊಡೆದ. ಮಾಡಿದ್ದರೆ ಒಂದು ತೃಪ್ತಿಯಾದರೂ ಇರುತ್ತಿತ್ತು. ಮಾಡದೆ ಆಪಾದನೆಯನ್ನೂ, ಶಹಬ್ಬಾಸ್‌ಗಿರಿಯನ್ನೂ ಹೊತ್ತುಕೊಂಡು ತಿರುಗಿದೆ.

ಆ ಕಾರ್ತಿಕದಲ್ಲಿ ಹೆಂಡತಿಯ ಸಂಬಂಧಿಕರ ಮದುವೆಗೆ ಹೋದರೆ ಅದೇ ಆರ್ಕೆಸ್ಟ್ರಾ. ಸ್ಟೇಜಿನ ಮೇಲೆ ಅಳಿಯ. ಬಿಂದಿಗಳು ಹಾಗೇ ಇದ್ದವು. ಮುಂದಿನ ಸಾಲಿನಲ್ಲೇ ಕೂತೆ. ನಿಜ ಹೇಳುತ್ತೇನೆ, ಕಾಯುತ್ತಿದ್ದೆ. ಗಟ್ಟಿಮೇಳದ ಹೊತ್ತಿಗೆ ಟಿಣ್ಣೆನ್ನಲಿ ಎಂದೋ, ಹೆಲಿಕಾಪ್ಟರ್ ಬರಲಿ ಎಂದೋ. ಪುರೋಹಿತರು ಕೈ ಎತ್ತಿದರು. ಅಳಿಯ ಕಂಪನಿಯ ಶಹನಾಯಿ ಹುಡುಕಿ ಇಟ್ಟುಕೊಂಡಿದ್ದ. ಸೋಪು ಹಚ್ಚಿ ತೊಳೆದದ್ದು, ಇಸ್ತ್ರಿ ಮಾಡಿದ್ದು. ಅದು ಸೀದಾ ಹೊರಟಿತು. ಉಸಿರು ಎಲ್ಲೂ ಸಿಕ್ಕಲಿಲ್ಲ, ಶ್ರುತಿ ಎಲ್ಲೂ ಜಗಳವಾಡಲಿಲ್ಲ. ಜನ ಅಕ್ಷತೆ ಹಾಕಿದರು. ತಾಳಿ ಬಿತ್ತು. ಒಬ್ಬರೂ ತಿರುಗಿ ನೋಡಲಿಲ್ಲ.

ಒಬ್ಬರಾದರೂ ತಿರುಗಿ ನೋಡಬೇಕಿತ್ತು! ಐದು ವರ್ಷದ ಭಾನುವಾರಗಳು, ಬಿಟ್ಟ ಊಟದ ಪಂಕ್ತಿಗಳು, ಶಾಮಿಯಾನದ ಧೂಳಿಗೆ ಬಂದ ಕೆಮ್ಮು, ಎಲ್ಲ ಯಾರಿಗಾಗಿ ಮಾಡಿದ್ದು? ಅಲ್ಲಿಂದ ಎದ್ದು ಕೈತೊಳೆಯುವ ಜಾಗಕ್ಕೆ ಹೋಗಿ ಸುಮ್ಮನೆ ಕೈ ತೊಳೆದೆ. ಯಜಮಾನ್ರು ಅಲ್ಲಿಗೇ ಬಂದು, ಹಳೆಯದೆಲ್ಲ ಮರೆತವರಂತೆ, ‘ಊಟ ಆತೇನ್ರಿ ಮೇಷ್ಟ್ರೇ? ನೋಡಿದ್ರಲ್ಲ, ನಡೀತೈತೆ’ ಎಂದರು. ಅದನ್ನೂ ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಮುಂದೆ ಹಲವು ವರ್ಷ ಪೆಟ್ಟಿಗೆ ಮುಟ್ಟಲಿಲ್ಲ. ಚಿತ್ರದುರ್ಗದಲ್ಲಿ ಯಾರೋ ಮಾರುತ್ತಿದ್ದಾರೆಂದು ಕೇಳಿ ಕೊನೆಗೊಮ್ಮೆ ಅದೇ ಜಾತಿಯ ಹಳೆಯ ಕೀಬೋರ್ಡು ಮನೆಗೆ ತಂದೆ. ನಡುವೆ ಎರಡು ಮನೆಗಳು ಒತ್ತಿದರೆ ಏಳುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕೂತು ತಾಳ್ಯದ ದನಿ ಮತ್ತೆ ಕಟ್ಟಲು ಹೊರಟೆ. ಎರಡು ದನಿ ಒಂದರ ಮೇಲೊಂದು, ಒಂದನ್ನು ಚೂರು ಶ್ರುತಿ ತಪ್ಪಿಸಿ, ಇನ್ನೊಂದನ್ನು ಚೂರು ತಡಮಾಡಿ. ಎಷ್ಟು ಚೂರು? ತಲೆಯಲ್ಲಿ ಐತಲ್ಲ ಎಂದಿದ್ದರು ಯಜಮಾನ್ರು. ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಹಂತಕ್ಕೆ ಬಂತು. ಇದೇ ಅದು ಎನ್ನಿಸಿತು. ಇದು ಅದಲ್ಲ ಎಂದೂ ಎನ್ನಿಸಿತು. ಹೋಲಿಸಿ ನೋಡಲು ಅಸಲಿಯೇ ಇಲ್ಲ.

ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಅಲ್ಲಿಂದಲೇ ಹೇಳಿದಳು: ‘ರೀ, ಅದು ತಾಳ್ಯದ್ದಲ್ಲ.’

‘ನಿನಗೇನು ಗೊತ್ತು?’

‘ತಾಳ್ಯದ್ದು ಶುರುವಾಗೋವಾಗ ಅಳು ಬಂದೋರ ಗಂಟಲು ಕಟ್ಟಿದಂಗೆ ಆಗ್ತಿತ್ತು. ಇದು ಶೀತ ಆದಂಗೈತೆ.’

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ‘ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲವಲ್ಲ ನೀನು! ಮದುವೆಗಳಿಗೆ ಬಂದು ಕೂತು ಕೇಳ್ತಿದ್ದೋಳು, ಚೆನ್ನಾಗೈತೆ ಅಂತಾದ್ರೂ ಒಂದು ದಿನ ಅಂದ್ಯಾ?’

‘ನೀವು ಕೇಳಿದ್ರಾ? ಬಿಂದಿ ಎಲ್ಲಿಟ್ಟಿದೀಯ ಅಂತ ಬಿಟ್ಟು ಇನ್ನೇನಾದ್ರೂ ಕೇಳಿದ್ರಾ?’

ಅವಳು ಬಾಣಲೆ ಇಳಿಸಿ, ಕೈ ಒರೆಸುತ್ತಾ ಬಂದು, ಗೋಡೆಗೆ ಒರಗಿ ಕೂತಳು. ನಾನು ಸಿಟ್ಟಿನಲ್ಲೇ, ಅವಳ ಕಡೆ ನೋಡದೆ, ಎರಡನೆಯ ದನಿಯನ್ನು ಇನ್ನೊಂದು ಕೂದಲೆಳೆ ತಡಮಾಡಿ ಮತ್ತೆ ಬಾರಿಸಿದೆ.

‘ಇನ್ನೂ ಅಲ್ಲ’ ಎಂದಳು.

ಇನ್ನೊಮ್ಮೆ ತಿದ್ದಿದೆ.